ಹೊಗೆಯೋ, ಕೆಂಡವೋ?

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ತಿಳಿಯಬಹುದು. ತರ್ಕದ ಪಾಠಗಳಲ್ಲಿ ಎಲ್ಲರಿಗೂ ಗೊತ್ತಿರುವ ಉದಾಹರಣೆ ಇದು. ಹೊಗೆ ಬೆಂಕಿಯನ್ನು ಹುಟ್ಟಿಸುವುದಿಲ್ಲ, ಅದರ ಸುದ್ದಿ ಹೇಳುತ್ತದೆ ಅಷ್ಟೇ. ಹುಟ್ಟಿಸುವುದು ಕಾರಕಹೇತು, ತಿಳಿಸುವುದು ಜ್ಞಾಪಕಹೇತು. ಪಂಡಿತರ ಜಗಲಿಗೆ ಸೇರಿದ್ದೆಂದು ಕಾಣುವ ಈ ಭೇದ ಆಪರೇಷನ್ ಥಿಯೇಟರಿನಲ್ಲಿ ಬಹುಕಾಲ ಯಾರಿಗೂ ಹೊಳೆಯಲಿಲ್ಲ.

ಸ್ತನದ ಕ್ಯಾನ್ಸರ್ ಕಂಕುಳಿನ ದುಗ್ಧಗ್ರಂಥಿಗಳಿಗೆ ಹರಡಿದ್ದರೆ ರೋಗಿ ಉಳಿಯುವ ಸಾಧ್ಯತೆ ಕಡಿಮೆ. ಇದು ಗಟ್ಟಿ ಅನುಭವ. ಅದರಿಂದ ಏನು ತೀರ್ಮಾನಿಸಬೇಕು? ರೋಗ ಮುಂದೆ ಹಬ್ಬುವ ಬಾಗಿಲೇ ಈ ಗ್ರಂಥಿ ಎಂದು ನಂಬಿದವರು ಬಾಲ್ಟಿಮೋರ್‌ನ ವಿಲಿಯಂ ಹಾಲ್‌ಸ್ಟೆಡ್. 1894ರಲ್ಲಿ 50 ರೋಗಿಗಳ ವರದಿ ಪ್ರಕಟಿಸಿ, ಸ್ತನ, ಅದರಡಿಯ ಸ್ನಾಯು, ಕಂಕುಳಿನ ಗ್ರಂಥಿಗಳನ್ನೆಲ್ಲ ಒಟ್ಟಾಗಿ ತೆಗೆಯುವ ಕ್ರಮವನ್ನು ಮುಂದಿಟ್ಟರು. ಅವರೇನೂ ಕ್ರೂರಿಯಲ್ಲ; ಬಾಗಿಲೆಂದು ನಂಬಿದವರು ಅಗುಳಿ ಹಾಕದೆ ಬಿಡುವುದುಂಟೇ? ಆದರೆ ಎದೆ ಗುಳಿಬಿದ್ದು, ತೋಳು ಊದಿಕೊಂಡು, ತಲೆ ಬಾಚಲೂ ಕೈ ಎತ್ತಲಾಗದೆ ದಿನ ದೂಡಿದವರು ಎಷ್ಟೋ ಮಂದಿ. ದಂಡನೆ ಹೆಚ್ಚಿದಷ್ಟೂ ಪಾಪ ಕಳೆಯುತ್ತದೆಂಬ ಹಳೆಯ ಭಾವನೆಯೂ ಇದರ ಹಿಂದೆ ಸ್ವಲ್ಪ ಇತ್ತೇನೋ.

ಪಿಟ್ಸ್‌ಬರ್ಗ್‌ನ ಬರ್ನಾರ್ಡ್ ಫಿಶರ್‌ಗೆ ಅನುಮಾನ ಬಂತು. 1971ರಲ್ಲಿ ಅವರು ಶುರುಮಾಡಿದ ಪರೀಕ್ಷೆಯಲ್ಲಿ, ಕಂಕುಳಲ್ಲಿ ಗಂಟು ಕೈಗೆ ಸಿಗದ ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದಕ್ಕೆ ಹಾಲ್‌ಸ್ಟೆಡ್ ಕ್ರಮ. ಇನ್ನೊಂದಕ್ಕೆ ಸ್ತನ ತೆಗೆದು ವಿಕಿರಣ. ಮೂರನೆಯದಕ್ಕೆ ಸ್ತನ ತೆಗೆದದ್ದಷ್ಟೇ. ಮುಂದೆ ಗಂಟು ಕಾಣಿಸಿದರೆ ಮಾತ್ರ ಕಂಕುಳಿಗೆ ಕತ್ತರಿ. ಮೊದಲ ಗುಂಪಿನಲ್ಲಿ ಸುಮಾರು 40% ಮಂದಿಯ ಗ್ರಂಥಿಗಳಲ್ಲಿ ಕ್ಯಾನ್ಸರ್ ಸಿಕ್ಕಿತು. ಅಂದಮೇಲೆ ಮೂರನೆಯ ಗುಂಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಮಂದಿ ಅದನ್ನು ಒಳಗಿಟ್ಟುಕೊಂಡೇ ಮನೆಗೆ ಹೋಗಿರಬೇಕು. 25 ವರ್ಷದ ಲೆಕ್ಕ 2002ರಲ್ಲಿ ಬಂತು: ಮೂರು ಗುಂಪುಗಳ ಆಯುಸ್ಸಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಕಂಕುಳಿನ ಗ್ರಂಥಿ ಹೊಗೆ. ಹೊಗೆಯನ್ನು ಬೀಸಿ ಓಡಿಸಿದರೆ ಬೆಂಕಿ ಆರುವುದಿಲ್ಲ.

ಹಾಗೆಂದು ತರ್ಕ ಗೆದ್ದಿತೆನ್ನುವಂತಿಲ್ಲ.

ಹೊಗೆಸೊಪ್ಪು ಜಗಿಯುವ ನಮ್ಮ ನಾಡಿನ ಬಾಯಿ ಕ್ಯಾನ್ಸರ್ ಬೇರೆಯದೇ ಮಾತು ಹೇಳಿತು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು ಕತ್ತಿನಲ್ಲಿ ಗಂಟು ಕಾಣದ, ಆರಂಭದ ಹಂತದ 500 ರೋಗಿಗಳ ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. ಮೊದಲೇ ಕತ್ತಿನ ಗ್ರಂಥಿ ತೆಗೆಸಿಕೊಂಡವರಲ್ಲಿ ಮೂರು ವರ್ಷ ಬದುಕುಳಿದವರು 80%. ಗಂಟು ಬಂದಾಗ ನೋಡೋಣವೆಂದು ಕಾದವರಲ್ಲಿ 67.5%. ಹೊಗೆ ಎಂದುಕೊಂಡದ್ದು ಇಲ್ಲಿ ಕೆಂಡವೇ ಆಗಿತ್ತು. ಕಾರಕವೋ ಜ್ಞಾಪಕವೋ ಎಂಬ ಪ್ರಶ್ನೆ ಸರಿಯಾದದ್ದೇ, ಆದರೆ ಉತ್ತರವನ್ನು ಅಂಗಕ್ಕೊಂದರಂತೆ ಹುಡುಕಬೇಕು. ಕುಳಿತಲ್ಲೇ ಯೋಚಿಸಿದರೆ ಅದು ದಕ್ಕುವುದಿಲ್ಲ.

ಈಗ ಸ್ತನದ ಶಸ್ತ್ರಕ್ರಿಯೆಯಲ್ಲಿ ನೀಲಿ ಬಣ್ಣವನ್ನೋ ವಿಕಿರಣ ದ್ರವ್ಯವನ್ನೋ ಚುಚ್ಚಿ, ಅದು ಮೊದಲು ಮುಟ್ಟುವ ಕಾವಲು ಗ್ರಂಥಿಗಳನ್ನಷ್ಟೇ ತೆಗೆದು ನೋಡುತ್ತಾರೆ. ಸಣ್ಣ ಗಡ್ಡೆಯಾಗಿದ್ದು, ಅಂಥ ಒಂದೆರಡರಲ್ಲಿ ಮಾತ್ರ ಕ್ಯಾನ್ಸರ್ ಇದ್ದರೆ, ವಿಕಿರಣ ಮತ್ತು ಔಷಧಿಯ ಭರವಸೆಯ ಮೇಲೆ ಉಳಿದವನ್ನು ಅನೇಕರಲ್ಲಿ ಹಾಗೇ ಬಿಡುತ್ತಾರೆ. ಇದನ್ನು ಮನೆಯವರಿಗೆ ಒಪ್ಪಿಸುವುದೇ ಕಷ್ಟ. “ಗಂಟೆಲ್ಲ ತೆಗೆದ್ರಾ ಡಾಕ್ಟ್ರೇ?” “ಇಲ್ಲಮ್ಮ, ಎರಡೇ.” ಬೇರುಸಮೇತ ಕಿತ್ತರೇ ಸಮಾಧಾನವೆನ್ನುವ ಮಗಳ ಮುಖ ಬಾಡುತ್ತದೆ. ತಾಯಿ ಅಷ್ಟರಲ್ಲಿ ಎರಡೂ ಕೈ ಎತ್ತಿ ತುರುಬು ಕಟ್ಟಿಕೊಳ್ಳುತ್ತಿರುತ್ತಾಳೆ.