ಸುದ್ದಿಯ ಖರ್ಚು ಯಾರ ಪಾಲು?

ಆನ್‌ಲೈನ್ ಸುದ್ದಿಗೆ ಚಂದಾ ಕಟ್ಟಬೇಕೇ ಎಂಬ ಚರ್ಚೆಯಲ್ಲಿ ಲೆಕ್ಕವೆಲ್ಲ ಓದಿನ ಸುತ್ತಲೇ ನಡೆಯುತ್ತದೆ. ತಿಂಗಳಿಗೆ ನಾಲ್ಕು ಲೇಖನ ಓದುವವನು ಯಾಕೆ ದುಡ್ಡು ಕೊಡಬೇಕು, ಅದೇ ಸುದ್ದಿ ಬೇರೆ ಕಡೆ ಪುಕ್ಕಟೆ ಸಿಗುವುದಿಲ್ಲವೇ ಎನ್ನುತ್ತಾರೆ. ಈ ಲೆಕ್ಕ ಬುಡದಲ್ಲೇ ತಪ್ಪಿದೆ. ಬರೆದು ಮುಗಿದ ವರದಿಯನ್ನು ಇನ್ನೊಬ್ಬ ಓದಿದರೆ ಪತ್ರಿಕೆಗೆ ಹೆಚ್ಚಿಗೆ ಖರ್ಚೇನೂ ಬೀಳದು; ಖರ್ಚೆಲ್ಲ ಅದಕ್ಕೆ ಮೊದಲೇ ಆಗಿರುತ್ತದೆ. ತಾಲ್ಲೂಕಿನ ವರದಿಗಾರನೊಬ್ಬ ಕೆರೆ ಹೂಳೆತ್ತಿದ ಬಿಲ್ಲಿನ ಪ್ರತಿ ಕೇಳಿ, 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತಾನೆ. 30 ದಿನ ಕಾಯುತ್ತಾನೆ. ಉತ್ತರ ಬಾರದಿದ್ದರೆ ಮೇಲ್ಮನವಿ. ದಾಖಲೆ ಸಿಕ್ಕ ಮೇಲೆ ಕೆರೆಯಂಗಳಕ್ಕೆ ಹೋಗಿ, ಬಿಲ್ಲಿನಲ್ಲಿ ಬರೆದಷ್ಟು ಹೂಳು ನಿಜಕ್ಕೂ ಎದ್ದಿದೆಯೇ ಎಂದು ನೋಡಬೇಕು, ಊರವರನ್ನು ಮಾತಾಡಿಸಬೇಕು. ಇಷ್ಟೆಲ್ಲ ಓಡಾಡಿದರೂ ಎಷ್ಟೋ ಸಲ ಬರೆಯುವಂಥದ್ದೇನೂ ಸಿಗುವುದಿಲ್ಲ. ಆ ಬರಿಗೈ ದಿನಗಳ ಸಂಬಳವನ್ನೂ ಯಾರಾದರೂ ಕೊಡಲೇಬೇಕು. ಚಂದಾ ಹಣ ಹೋಗಬೇಕಾದ್ದು ಅಲ್ಲಿಗೆ.

ಬಹುಕಾಲ ಈ ಖರ್ಚನ್ನು ಜಾಹೀರಾತುದಾರ ಹೊತ್ತಿದ್ದ. 1994ರಲ್ಲಿ ಟೈಮ್ಸ್ ಆಫ್ ಇಂಡಿಯಾ ದೆಹಲಿಯಲ್ಲಿ ತನ್ನ ಬೆಲೆಯನ್ನು ಒಂದೂವರೆ ರೂಪಾಯಿಗೆ ಇಳಿಸಿ ದರಸಮರಕ್ಕಿಳಿದ ಮೇಲಂತೂ ಪತ್ರಿಕೆ ಅಗ್ಗದಲ್ಲೇ ಸಿಗಬೇಕೆಂಬ ರೂಢಿ ಬೇರೂರಿತು. ಈಗ ಜಾಹೀರಾತಿನ ದೊಡ್ಡ ಪಾಲು ಗೂಗಲ್, ಫೇಸ್‌ಬುಕ್ಕಿಗೆ ಹೋಗಿದೆ; ಸಣ್ಣ ಪತ್ರಿಕೆಗಳು ಸರ್ಕಾರಿ ಜಾಹೀರಾತಿಗೆ ಕೈಚಾಚಿ ನಿಂತಿವೆ. ಹೀಗೆ ನಿಲ್ಲದೆಯೂ ಪತ್ರಿಕೆ ನಡೆಸಬಹುದೆಂಬುದು ಕನ್ನಡಿಗರಿಗೆ ಹೊಸದಲ್ಲ. 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ ಜಾಹೀರಾತು ತೆಗೆದುಕೊಳ್ಳದೆ, ಓದುಗರು ಕೊಟ್ಟ ಕಾಸಿನಲ್ಲೇ ಗುಂಡೂರಾವ್ ಸರ್ಕಾರವನ್ನು ಎದುರುಹಾಕಿಕೊಂಡಿತು. ಫ್ರಾನ್ಸಿನ ‘ಮೀಡಿಯಾಪಾರ್’ 2008ರಿಂದ ಚಂದಾದಾರರ ಬಲದ ಮೇಲೇ ನಿಂತಿದೆ. ಬಜೆಟ್ ಸಚಿವ ಜೆರೋಮ್ ಕಾಯುಜಾಕ್‌ಗೆ ಸ್ವಿಸ್ ಬ್ಯಾಂಕಿನಲ್ಲಿ ಗುಪ್ತ ಖಾತೆಯಿತ್ತೆಂದು 2012ರ ಡಿಸೆಂಬರಿನಲ್ಲಿ ಬರೆದದ್ದು ಅದೇ. ಮುಂದಿನ ಮಾರ್ಚಿನಲ್ಲಿ ಸಚಿವರು ರಾಜೀನಾಮೆ ಕೊಟ್ಟರು.

ದುಡ್ಡಿದ್ದವರಿಗೆ ನಿಜ, ಇಲ್ಲದವರಿಗೆ ವಾಟ್ಸ್‌ಆ್ಯಪ್‌ನ ಗಾಳಿಸುದ್ದಿ ಎಂದಾದರೆ ಪ್ರಜಾಪ್ರಭುತ್ವದ ಗತಿಯೇನು ಎಂದು ಕೇಳುವವರ ಆತಂಕ ನ್ಯಾಯವಾದದ್ದು. 2020ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಂಥ ಪತ್ರಿಕೆಗಳು ಕೋವಿಡ್ ವರದಿಗಳನ್ನು ಎಲ್ಲರಿಗೂ ತೆರೆದಿಟ್ಟಾಗ ಈ ಮಾತನ್ನು ಅವೇ ಒಪ್ಪಿಕೊಂಡಂತಾಯಿತು. ಆದರೆ ಈ ವಾದ ಚಂದಾ ಕಟ್ಟದವರ ಓದಿಗೆ ಹಾಕುವ ಬೀಗವನ್ನು ಅಲ್ಲಗಳೆಯುತ್ತದೆಯೇ ಹೊರತು ಹಣ ಕೊಡುವುದನ್ನಲ್ಲ. ಖರ್ಚು ಸುದ್ದಿ ಹುಡುಕುವುದಕ್ಕೇ ಆಗಿರುವಾಗ, ಹುಡುಕಾಟಕ್ಕೆ ಹಣ ಕೇಳಿ ಓದನ್ನು ಮುಕ್ತವಾಗಿಡುವುದೇ ಸರಿ. ‘ಗಾರ್ಡಿಯನ್’ ಹಾಗೆ ನಡೆಯುತ್ತಿದೆ. ನಿಯಮಿತವಾಗಿ ಹಣ ಕೊಡುವ ಹತ್ತು ಲಕ್ಷಕ್ಕೂ ಹೆಚ್ಚು ಓದುಗರು ಅದಕ್ಕಿದ್ದಾರೆ. ಬೆನ್ನಿಗೆ ಅದರ ಒಡೆತನದ ಸಂಸ್ಥೆಯಾದ ಸ್ಕಾಟ್ ಟ್ರಸ್ಟಿನ ದೊಡ್ಡ ನಿಧಿಯೂ ಇದೆ, ನಿಜ. ಅಂಥ ಆಸರೆಯಿಲ್ಲದ ಕನ್ನಡದ ಜಾಲತಾಣ ಅಡುಗೆ, ಸಿನಿಮಾ, ಪದಬಂಧಗಳಿಗೆ ಬೀಗ ಹಾಕಿಕೊಂಡರೆ ತಕರಾರಿಲ್ಲ. ಕೆರೆಯ ಬಿಲ್ಲಿನ ವರದಿಗೆ ಹಾಕಬಾರದು. ಇಷ್ಟಾದರೆ ಕೊಡಬಲ್ಲವರ ಹೊಣೆ ಇನ್ನೂ ಹೆಚ್ಚುತ್ತದೆ. ಒಳ್ಳೆಯ ಸಂಬಳ ಎಣಿಸುವವರೂ ಬೆಳಿಗ್ಗೆ ಯಾರೋ ಗ್ರೂಪಿಗೆ ಹಾಕಿದ ಇ-ಪೇಪರ್‌ನ ಪಿಡಿಎಫ್ ಓದಿ ಮುಗಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಇದಕ್ಕಿಂತ ಗಟ್ಟಿ ಆಕ್ಷೇಪ ಬೇರೆಯಿದೆ: ದುಡ್ಡು ಕೊಡುವ ಓದುಗನೂ ಒಡೆಯನಾಗುತ್ತಾನೆ, ಪತ್ರಿಕೆ ಅವನಿಗೆ ಹಿತವಾದದ್ದನ್ನೇ ಬರೆಯತೊಡಗುತ್ತದೆ. 2024ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ ಪೋಸ್ಟ್ ಯಾವ ಅಧ್ಯಕ್ಷೀಯ ಅಭ್ಯರ್ಥಿಯನ್ನೂ ಬೆಂಬಲಿಸುವುದಿಲ್ಲ ಎಂದಾಗ ಕೆಲವೇ ದಿನಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಚಂದಾದಾರರು ಬಿಟ್ಟುಹೋದರು. ಈ ಒತ್ತಡ ಸಣ್ಣದಲ್ಲ. ಆದರೂ ಆ ಮುನಿಸು ಎಲ್ಲರೆದುರು ನಡೆಯಿತು. ಅದು ಸರಿಯೋ ತಪ್ಪೋ ಎಂದು ಯಾರು ಬೇಕಾದರೂ ವಾದಿಸಬಹುದಿತ್ತು, ವಾದಿಸಿದರು ಕೂಡ. ಜಾಹೀರಾತು ನಿಲ್ಲಿಸುತ್ತೇವೆಂಬ ಒಂದು ಫೋನ್ ಕರೆಗೆ ಹೆದರಿ ಕೈಬಿಟ್ಟ ವರದಿಯ ಬಗ್ಗೆ ಹಾಗೆ ವಾದಿಸಲು ಸಾಧ್ಯವೇ ಇಲ್ಲ, ಅಂಥ ವರದಿಯೊಂದು ಇತ್ತೆಂಬುದೇ ಓದುಗನಿಗೆ ತಿಳಿದಿರುವುದಿಲ್ಲ.