ವರದಿ ಯಾರದು?

ಒಂದು ಸಂಗತಿ ನನಗೆ ತಿಳಿದಿತ್ತು. ಅದು ನನ್ನದಲ್ಲ, ನನ್ನ ಅಕ್ಕನ ಮೈಗೆ ಸೇರಿದ್ದು. ಅದನ್ನು ಅವಳಿಗೆ ಹೇಳದೆ ಇಟ್ಟುಕೊಳ್ಳುವ ಅಧಿಕಾರ ನನಗುಂಟೇ? ಹನ್ನೊಂದು ದಿವಸ ಈ ಪ್ರಶ್ನೆಯನ್ನು ಹೊತ್ತು ತಿರುಗಿದೆ.

2018ರಲ್ಲಿ ಅಕ್ಕನಿಗೆ ಮಂಗಳೂರಿನಲ್ಲಿ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಯಿತು. ಕಾಸರಗೋಡಿನವರಾದ ನಮಗೆ ಮನೆ ಒಂದು ರಾಜ್ಯದಲ್ಲಿ, ಡಾಕ್ಟರು ಇನ್ನೊಂದರಲ್ಲಿ. 2020ರ ಮಾರ್ಚ್ ಕೊನೆಗೆ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಅವಳ ತಪಾಸಣೆ ತಪ್ಪಿಹೋಯಿತು. ಅಂದಿನಿಂದ ರಕ್ತ ಪರೀಕ್ಷೆ ಇಲ್ಲಿಯೇ, ವರದಿ ನನ್ನ ಫೋನಿಗೆ. ಕಳೆದ ವರ್ಷ ಸಕ್ಕರೆ, ಥೈರಾಯ್ಡ್ ನೋಡಲೆಂದು ರಕ್ತ ಕೊಟ್ಟಳು. ಪ್ಯಾಕೇಜಿನಲ್ಲಿ ಸೇರಿದ್ದಿರಬೇಕು, ಡಾಕ್ಟರು ಬರೆಯದೇ ಇದ್ದ ಒಂದು ಸಾಲೂ ವರದಿಯಲ್ಲಿತ್ತು: ಸಿಎ 15-3, 38. ಮಿತಿ 30.

ಸ್ತನದ ಜೀವಕೋಶಗಳ ಮೇಲಿರುವ ಒಂದು ಪ್ರೋಟೀನಿನ ಚೂರುಗಳು ರಕ್ತಕ್ಕೆ ಸೇರುತ್ತವೆ. ಅದರ ಅಳತೆ ಇದು. ರೋಗದ ಆರಂಭದಲ್ಲಿ ಹೆಚ್ಚಿನವರಲ್ಲಿ ಏರುವುದೇ ಇಲ್ಲ. ಆದ್ದರಿಂದ ಕ್ಯಾನ್ಸರನ್ನು ಪತ್ತೆ ಮಾಡಲು ಇದನ್ನು ನಂಬಿ ಕೂರುವಂತಿಲ್ಲ. ಮ್ಯಾಮೊಗ್ರಾಮ್, ಗಡ್ಡೆಯ ತುಣುಕಿನ ಪರೀಕ್ಷೆಗಳೇ ಬೇಕು. ಕ್ಯಾನ್ಸರ್ ಇಲ್ಲದವರಲ್ಲೂ ಲಿವರಿನ ಕಾಯಿಲೆಯಿಂದ ಏರಬಹುದು. ರೋಗ ಬೇರೆ ಅಂಗಗಳಿಗೆ ಹರಡಿದವರಲ್ಲಿ ಔಷಧ ನಾಟುತ್ತಿದೆಯೇ ಎಂದು ತಿಳಿಯಲು, ಸ್ಕ್ಯಾನಿನ ಜೊತೆಗೆ, ಉಪಯೋಗವುಂಟು. ಚಿಕಿತ್ಸೆ ಮುಗಿಸಿ ಆರಾಮವಾಗಿರುವವರಿಗೆ ಇದನ್ನು ವಾಡಿಕೆಯಾಗಿ ಮಾಡಬೇಡಿರೆಂದು ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘವೇ ಹೇಳಿದೆ. ಇಟಲಿಯಲ್ಲಿ 1,320 ಹೆಂಗಸರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಮೇಲಿಂದ ಮೇಲೆ ಸ್ಕ್ಯಾನು, ರಕ್ತ ಪರೀಕ್ಷೆ ಮಾಡಿ ನೋಡಿದ್ದರು. 1994ರಲ್ಲಿ ಫಲಿತಾಂಶ ಬಂದಾಗ ಆಯುಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಹೇಳಿ ಅವಳ ನಿದ್ದೆ ಯಾಕೆ ಕೆಡಿಸಬೇಕು? ನನ್ನ ವಾದ ಇದು. ಅದಕ್ಕೆ ಬಲ ಕೊಡುವ ಇನ್ನೊಂದು ಅಧ್ಯಯನವೂ ಸಿಕ್ಕಿತು. ಅಂಡಾಶಯದ ಕ್ಯಾನ್ಸರಿನಲ್ಲಿ ಸಿಎ 125 ಎಂಬ ಇಂಥದ್ದೇ ಸೂಚಕ ಉಂಟು. ಚಿಕಿತ್ಸೆ ಮುಗಿಸಿದ ಹೆಂಗಸರ ರಕ್ತವನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿ, ಫಲಿತಾಂಶವನ್ನು ಅವರಿಗಾಗಲಿ ಅವರ ಡಾಕ್ಟರಿಗಾಗಲಿ ತಿಳಿಸದೆ ಇಟ್ಟರು. ಸಂಖ್ಯೆ ಮಿತಿಯ ಎರಡು ಪಟ್ಟು ದಾಟಿದ 529 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಕೂಡಲೇ ಔಷಧ, ಉಳಿದವರಿಗೆ ತೊಂದರೆ ಕಾಣಿಸಿದ ಮೇಲೆ. 2010ರ ವರದಿಯಂತೆ ಮೊದಲನೆಯವರ ಸರಾಸರಿ ಬಾಳು 25.7 ತಿಂಗಳು, ಕಾದವರದು 27.1, ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಷ್ಟಿಲ್ಲ. ಬೇಗ ತಿಳಿದವರಿಗೆ ಬೇಗ ಕಿಮೊ ಬಂತು, ಅಷ್ಟೆ. ಓದಿ ನನಗೆ ಹಾಯೆನಿಸಿತು. ವಿಜ್ಞಾನಿಗಳು ಮುಚ್ಚಿಟ್ಟದ್ದನ್ನೇ ನಾನೂ ಮುಚ್ಚಿಟ್ಟಿದ್ದೇನೆ!

ಎರಡು ದಿವಸ ಕಳೆದು ಬ್ಯಾಂಕಿನ ಕೌಂಟರಿಗೆ ಒಬ್ಬರು ಬಂದು ಹೆಂಡತಿಯ ಖಾತೆಯಲ್ಲಿ ಎಷ್ಟುಂಟೆಂದು ಕೇಳಿದರು. ಹೇಳುವ ಹಾಗಿಲ್ಲ, ಅವರನ್ನೇ ಕರೆದುಕೊಂಡು ಬನ್ನಿ ಎಂದೆ. ಇಪ್ಪತ್ತು ವರ್ಷಗಳಿಂದ ಹೇಳುತ್ತಾ ಬಂದ ಮಾತು, ಯೋಚಿಸದೆಯೇ ಬಾಯಿಗೆ ಬರುತ್ತದೆ. ಆ ದಿನ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಮುನ್ನೂರು ರೂಪಾಯಿಯ ಬಾಕಿಗೆ ಇರುವ ಮರ್ಯಾದೆ ಅಕ್ಕನ ರಕ್ತಕ್ಕೆ ಇಲ್ಲವೇ? ಆ ಅಧ್ಯಯನದ ಹೆಂಗಸರು ಹೇಳಬೇಡಿ ಎಂಬುದಕ್ಕೆ ಮೊದಲೇ ಒಪ್ಪಿದ್ದರು. ನಾನು ಅಕ್ಕನನ್ನು ಕೇಳಿರಲಿಲ್ಲ.

ತಿಳಿದು ಪ್ರಯೋಜನವಿಲ್ಲ ಎಂಬ ನನ್ನ ವಾದವೂ ಎಲ್ಲರಿಗೆ, ಎಲ್ಲ ಕಾಲಕ್ಕೆ ಸಲ್ಲುವುದಲ್ಲ. ರೋಗ ಹರಡಿದ ಕೆಲವರಲ್ಲಿ, ಔಷಧಕ್ಕೆ ಬಗ್ಗದ ಜೀನಿನ ಬದಲಾವಣೆಯನ್ನು ಸ್ಕ್ಯಾನಿಗಿಂತ ಮುಂಚೆ ರಕ್ತದಲ್ಲೇ ಹಿಡಿದು ಮಾತ್ರೆ ಬದಲಿಸಿದಾಗ, ರೋಗ ತಡೆದು ನಿಂತ ಅವಧಿ 9.2 ತಿಂಗಳಿಂದ 16ಕ್ಕೆ ಏರಿತೆಂದು 2025ರಲ್ಲಿ ವರದಿಯಾಯಿತು. ಆಯುಸ್ಸು ಹೆಚ್ಚಿತೇ ಎಂಬುದು ಆಗ ಸ್ಪಷ್ಟವಾಗಿರಲಿಲ್ಲ. ಅಕ್ಕನ ಸಂಗತಿ ಅದಲ್ಲ. ಆದರೆ ಯಾವುದು ಯಾವುದೆಂದು ವಿಂಗಡಿಸಲು ನಾನು ಯಾರು?

ಹನ್ನೊಂದನೆಯ ದಿನ ಹೋಗಿ ಹೇಳಿದೆ. ಅವಳು ಹಲಸಿನ ಸೊಳೆ ಬಿಡಿಸುತ್ತಿದ್ದಳು. “ಎಂತದೋ ಉಂಟು ಅಂತ ನನಗೆ ಗೊತ್ತಿತ್ತು ಮಾರಾಯ. ವಾರಕ್ಕೊಮ್ಮೆ ಫೋನ್ ಮಾಡುವವನು ದಿನಾ ಮಾಡಿ ಊಟ ಆಯ್ತಾ ಕೇಳಿದರೆ?” ಎಂದಳು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹನ್ನೊಂದು ದಿವಸ ಅವಳೂ ಒಬ್ಬಳೇ ಹೆದರಿದ್ದಳು, ಅದೂ ಸಂಖ್ಯೆ ಗೊತ್ತಿಲ್ಲದೆ.

ಮಂಗಳೂರಿಗೆ ಅವಳೇ ಹೋದಳು. ಡಾಕ್ಟರು ಮೈ ನೋಡಿ, ಎಲುಬಿನ ನೋವು, ಉಬ್ಬಸ ಇದೆಯೇ ಎಂದು ವಿಚಾರಿಸಿ, ಮ್ಯಾಮೊಗ್ರಾಮ್ ಮಾಡಿಸಿದರು. ಅದರಲ್ಲಿ ಏನೂ ಇಲ್ಲ. ಆರು ವಾರಗಳ ನಂತರ ಸಂಖ್ಯೆ 36. ಅದರ ಅರ್ಥವೇನೆಂದು ಯಾರೂ ಖಚಿತವಾಗಿ ಹೇಳಲಿಲ್ಲ.

ಕಳೆದ ತಿಂಗಳು ಪುನಃ ಸಕ್ಕರೆ ಪರೀಕ್ಷೆಗೆ ಹೋದವಳು ಆ ಸಾಲು ಬೇಡವೆಂದು ಲ್ಯಾಬಿನ ಹುಡುಗಿಗೆ ಮಲಯಾಳದಲ್ಲೇ ಹೇಳಿದಳಂತೆ. ವರದಿ ಕಳಿಸಲು ತನ್ನದೇ ನಂಬರು ಕೊಟ್ಟಳು.