ಇಂದಿನ ಧಮ್ಮ ಚಿಂತನೆ: ಪರದೆಯ ಬಿಳಿ, ಹಾಳೆಯ ಬಿಳಿ

 

ಏಪ್ರಿಲ್ 14, ಬುದ್ಧ ಪೂರ್ಣಿಮೆ ಬಂತೆಂದರೆ ನನಗೆ ಪೋಸ್ಟರ್ ವಿನ್ಯಾಸದ ಕೆಲಸ. ಪ್ರತಿ ವರ್ಷ ಒಂದೇ ದೂರು: ಕಂಪ್ಯೂಟರಿನಲ್ಲಿ ಬಾಬಾಸಾಹೇಬರ ಕೋಟು ಚೆಂದದ ನೀಲಿ ಇತ್ತು, ಪ್ರಿಂಟಿನಲ್ಲಿ ಮಂಕಾಗಿದೆ, ನೇರಳೆ ಹೊಡೆಯುತ್ತಿದೆ. ತಪ್ಪು ಪ್ರೆಸ್ಸಿನವರದೇ ಎಂದು ಎಲ್ಲರ ತೀರ್ಮಾನ. ಬಹಳ ಸಲ ಅದು ಪರದೆಯದು.

ಪರದೆ ತಾನೇ ಬೆಳಕು ಸೂಸುತ್ತದೆ, ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ. ಪರದೆಯ ಗಾಢ ನೀಲಿಯನ್ನು ನಾಲ್ಕು ಶಾಯಿಗಳು ಪೂರ್ತಿ ಕೊಡಲಾರವು, ಅದಿರಲಿ. ಹೊಸ ಮಾನಿಟರಿನ ಹೊಳಪು ಸಾಮಾನ್ಯವಾಗಿ ಅತಿ, ಬಿಳಿಯಲ್ಲಿ ಎಷ್ಟೋ ಸಲ ನೀಲಿ ಛಾಯೆ. ಹತ್ತು ನಿಮಿಷ ಮುಂದೆ ಕೂತರೆ ಕಣ್ಣು ಒಗ್ಗಿಹೋಗಿ ಅದನ್ನೇ ಅಪ್ಪಟ ಬಿಳಿ ಎನ್ನುತ್ತದೆ. ಪಕ್ಕದಲ್ಲಿ ಬಿಳಿ ಹಾಳೆ ಹಿಡಿದಾಗಲೇ ಗುಟ್ಟು ಬಯಲು. ಆ ಹಾಳೆಯನ್ನು ಹಳದಿ ಬಲ್ಬಿನ ಕೆಳಗೆ ಹಿಡಿದರೆ ಅದೂ ಸುಳ್ಳು ಹೇಳುತ್ತದೆ. ಅದಕ್ಕೇ ಮುದ್ರಣದವರು ಪ್ರಿಂಟ್ ನೋಡಲು 5000 ಕೆಲ್ವಿನ್ ಬೆಳಕನ್ನು ಗೊತ್ತುಮಾಡಿಕೊಂಡಿದ್ದಾರೆ.

ಒಗ್ಗಿದ ಕಣ್ಣಿನಿಂದಲೇ ಸರಿಪಡಿಸಲು ಹೊರಟರೆ ಆಗದು. ಮಾನಿಟರ್ ಅರ್ಧ ಗಂಟೆ ಉರಿದ ಮೇಲೆ ಕಲರಿಮೀಟರ್ ಎಂಬ ಪುಟ್ಟ ಸಾಧನವನ್ನು ಪರದೆಗೆ ಆನಿಸುತ್ತೇವೆ. ತಂತ್ರಾಂಶ ಗೊತ್ತಿರುವ ಬಣ್ಣಗಳನ್ನು ತೋರಿಸುತ್ತದೆ, ನಿಜಕ್ಕೂ ಬಂದದ್ದೇನು ಎಂದು ಸಾಧನ ಅಳೆಯುತ್ತದೆ, ಅಂತರ ಪ್ರೊಫೈಲಿನಲ್ಲಿ ದಾಖಲಾಗುತ್ತದೆ. ಒಂದೆರಡು ತಿಂಗಳಿಗೆ ಮತ್ತೆ ಅಳೆಯಬೇಕು. ಪರದೆ ಜಾರುತ್ತಲೇ ಇರುತ್ತದೆ.

ಅಷ್ಟಾಂಗ ಮಾರ್ಗದಲ್ಲಿ ಸಮ್ಮಾ ದಿಟ್ಠಿ ಮೊದಲು. ನೋಟವೇ ಓರೆಯಾದರೆ ಉಳಿದ ಏಳು ಯಾವುದರ ಮೇಲೆ ನಿಲ್ಲಬೇಕು? ಪರಂಪರೆ, ಗ್ರಂಥ, ಗುರು ಎಂದು ಒಪ್ಪಬೇಡಿ ಎಂದು ಬುದ್ಧರು ಕಾಲಾಮರಿಗೆ ಹೇಳಿದ್ದು ನಮಗೆಲ್ಲ ಬಾಯಿಪಾಠ. ನಿಮ್ಮ ಅಭಿಪ್ರಾಯಕ್ಕೆ ಹೊಂದುತ್ತದೆ ಎಂಬುದೂ ಸಾಲದು ಎಂದು ಅದೇ ಉಪದೇಶದಲ್ಲಿದೆ. ಅದನ್ನು ನಾವು ಕಡಿಮೆ ನೆನೆಯುತ್ತೇವೆ.

ಜಾತಿ ಮನಸ್ಸಿನ ಒಂದು ಸ್ಥಿತಿ ಎಂದು ಬಾಬಾಸಾಹೇಬರು 1936ರಲ್ಲೇ ತೋರಿಸಿದರು. ಮೇಲಿನವರ ಕಣ್ಣಿನ ಛಾಯೆ ನಮಗೆ ಚೆನ್ನಾಗಿ ಕಾಣುತ್ತದೆ. ನಮ್ಮದು? ಬೌದ್ಧರ ಮನೆಗೆ ಬೌದ್ಧರ ಸಂಬಂಧ ಬಂದಾಗಲೂ, ತ್ರಿಸರಣ ಹೇಳಿದ ಅದೇ ಬಾಯಲ್ಲಿ, "ಎಡವೋ ಬಲವೋ" ಎಂಬ ಪ್ರಶ್ನೆ ಮೆಲ್ಲಗೆ ಬರುತ್ತದೆ. ಕೇಳುವವರಿಗೆ ಅದು ಬರೀ ವಿಚಾರಣೆ. ಒಗ್ಗಿದ ಕಣ್ಣು.

1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಒಂಬತ್ತನೆಯದು ಮನುಷ್ಯರೆಲ್ಲ ಸಮಾನರೆಂಬುದು. ಪಕ್ಕಕ್ಕೆ ಹಿಡಿಯಲು ನಮಗಿರುವ ಬಿಳಿ ಹಾಳೆ ಅದು. ವಧು-ವರರ ಪಟ್ಟಿ ಮಾಡುವ ಬಂಧುಗಳೇ, ಈ ಭಾನುವಾರ ಪಟ್ಟಿ ತನ್ನಿ. ಒಳಪಂಗಡದ ಕಾಲಂ ಅದರಲ್ಲಿ ಏಕಿದೆ ಎಂದು ಕೂತು ಮಾತಾಡೋಣ.